ಬದು ಹಾಕುವವರಿದ್ದಾರೆ, ನೋಡಿಕೊಳ್ಳುವವರು ಬೇಕು

ನಾಗಮಂಗಲ ತಾಲೂಕಿನಲ್ಲಿ ನಮ್ಮದು ಮಳೆಯನ್ನೇ ನಂಬಿದ ಊರು. ಮಂಡ್ಯ ಜಿಲ್ಲೆ ಎಂದರೆ ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ, ಆಲೆಮನೆ ಎಂದುಕೊಂಡು ಬರುವ ನೆಂಟರು ನಮ್ಮ ಹೊಲ ನೋಡಿ ದಾರಿ ತಪ್ಪಿ ಬೇರೆ ಜಿಲ್ಲೆಗೆ ಬಂದೆವೇನೋ ಎನ್ನುತ್ತಾರೆ. ಮರಳು ಬೆರೆತ ಕೆಂಪು ಮಣ್ಣು, ಇಳಿಜಾರು, ರಾಗಿ, ರಾಗಿಯ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು, ಅಂಚಿನಲ್ಲಿ ತೆಂಗು ಮತ್ತು ಹೊಂಗೆ. ಇಲ್ಲಿ ಬಿದ್ದ ಮಳೆ ಹಳ್ಳ ಹಿಡಿದು ಲೋಕಪಾವನಿಯನ್ನು ಸೇರುತ್ತದೆ. ಲೋಕಪಾವನಿ ಕರಿಘಟ್ಟದ ಬುಡದಲ್ಲಿ ಹರಿದು ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಬೀಳುತ್ತದೆ. ನೀರು ಹೋಗುವುದಕ್ಕೆ ನನ್ನ ತಕರಾರಿಲ್ಲ. ನೀರಿನ ಜೊತೆ ಹೋಗುವ ಮಣ್ಣು ನಮ್ಮದು, ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ಹೊಲದಲ್ಲಿ ನಾನು ಕಂಡಂತೆ, ಮಣ್ಣು ಹೆಚ್ಚಾಗಿ ಕೊಚ್ಚಿಹೋಗುವುದು ಹಿಂಗಾರಿನ ಜಡಿಮಳೆಯಲ್ಲಿ ಅಲ್ಲ. ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ರಾಗಿ ಪೈರು ನೆಲ ಮುಚ್ಚಿರುತ್ತದೆ. ಹನಿ ಮೊದಲು ಎಲೆಯ ಮೇಲೆ ಬಿದ್ದು ಆಮೇಲೆ ನೆಲಕ್ಕೆ ಇಳಿಯುತ್ತದೆ. ಅಪಾಯವಿರುವುದು ಯುಗಾದಿಯ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಕಟ್ಟಿದ ಮೇಲೆ, ಹೊಲ ಉತ್ತು ಬರಿದಾಗಿ ಬಿದ್ದಿರುವಾಗ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ’ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಮಾತು ನಿಜ. ಆದರೆ ಅದೇ ಭರಣಿ ಮಳೆ ಗುಡುಗಿಕೊಂಡು ಅರ್ಧ ಗಂಟೆ ಹೊಡೆದರೆ, ಕಾಪು ಇಲ್ಲದ ನೆಲದ ಮೇಲಿನ ನುಣ್ಣನೆಯ ಮಣ್ಣು ಕದಡಿ, ಚಹಾ ಬಣ್ಣದ ನೀರಾಗಿ ಕೆಳಗಿನವರ ಹೊಲಕ್ಕೆ ನುಗ್ಗುತ್ತದೆ. ಮರುದಿನ ಹೋಗಿ ನೋಡಿದರೆ ಬೆಣಚುಕಲ್ಲುಗಳು ತೊಳೆದಿಟ್ಟ ಹಾಗೆ ಮೇಲೆ ಕಾಣುತ್ತವೆ. ಕಲ್ಲು ಮೇಲೆ ಬಂದಿರುವುದಿಲ್ಲ, ಮಣ್ಣು ಕೆಳಗೆ ಹೋಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಯ ಮೇಲೆ ಸುಮಾರು 40 ಸಾವಿರ ಲೀಟರ್ ನೀರು ಬಿದ್ದಂತೆ. ಒಂದು ಎಕರೆಯಲ್ಲಿ ಒಂದೇ ಒಂದು ಮಿಲಿಮೀಟರ್ ಮಣ್ಣು ಸವೆದರೆ 5 ಟನ್ನಿಗೂ ಹೆಚ್ಚು ಮಣ್ಣು ಹೋದಂತೆ. ರೂಪಾಯಿ ನಾಣ್ಯದಷ್ಟೂ ದಪ್ಪವಿಲ್ಲದ ಆ ಪದರದಲ್ಲಿಯೇ ನಾವು ವರ್ಷವರ್ಷ ಹೊತ್ತು ಹಾಕಿದ ಕೊಟ್ಟಿಗೆ ಗೊಬ್ಬರವೂ ಇರುತ್ತದೆ. ಕೊರಕಲು ಬಿದ್ದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಹೊಲದ ಉದ್ದಗಲಕ್ಕೂ ತೆಳ್ಳಗೆ ಎದ್ದು ಹೋಗುವ ಈ ಪದರು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮೂರಿಗೆ ಜಲಾನಯನ ಯೋಜನೆ ಬಂದಾಗ ಮಹಿಳಾ ಸಂಘದ ಪರವಾಗಿ ನನ್ನನ್ನು ಸಮಿತಿಗೆ ಹಾಕಿದರು. ಒಂದು ಕಿರು ಜಲಾನಯನ ಎಂದರೆ ಸುಮಾರು 500 ಹೆಕ್ಟೇರ್, ಒಂದೇ ಹಳ್ಳಕ್ಕೆ ನೀರು ಹರಿಸುವ ಅಷ್ಟೂ ಭೂಮಿ. ಸಭೆಗಳಲ್ಲಿ ನಕ್ಷೆ ತೋರಿಸಿದರು, ಅಂದಾಜುಪಟ್ಟಿ ಓದಿದರು. ನಾನು ಕಲಿತದ್ದು ಮಾತ್ರ ಹೊಲದಲ್ಲಿ, ಹರಿಯುವ ನೀರನ್ನೂ ಮಣ್ಣನ್ನೂ ತಡೆಯಲು ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಏರಿಸುವ ಬದುವಿನ ಗೆರೆ ಹಾಕಿದ ದಿನ.

ಸಹಾಯಕ ಕೃಷಿ ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗ. ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಅಳತೆಯ ಗುರುತು ಬರೆದ ಎರಡು ಕೋಲು ತಂದಿದ್ದರು. ಪೈಪಿಗೆ ನೀರು ತುಂಬಿ, ಒಳಗೆ ಗುಳ್ಳೆ ಉಳಿಯದ ಹಾಗೆ ನೋಡಿಕೊಂಡು, ಎರಡು ತುದಿಗಳನ್ನು ಎರಡು ಕೋಲಿಗೆ ಕಟ್ಟಿದರು. ಒಂದು ಕೋಲು ನನ್ನ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ನಾನು ನಿಂತಲ್ಲೇ ನಿಲ್ಲಬೇಕು, ಅವರು ಮುಂದೆ ಹೋಗಿ ಹೆಜ್ಜೆ ಮೇಲೆ, ಹೆಜ್ಜೆ ಕೆಳಗೆ ಸರಿಯುತ್ತಾರೆ. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬಂದು ನಿಂತ ಕಡೆ ಸುಣ್ಣದ ಪುಡಿಯ ಚುಕ್ಕೆ. ಆಮೇಲೆ ನಾನು ಆ ಚುಕ್ಕೆಗೆ ಹೋಗಿ ನಿಲ್ಲಬೇಕು, ಅವರು ಮತ್ತೆ ಮುಂದೆ. ಹೀಗೆ ಚುಕ್ಕೆಗಳನ್ನು ಸೇರಿಸಿದ ಮೇಲೆ ಗೆರೆ ನೋಡಿ ನನಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಓಡಾಡಿದ ಹೊಲದಲ್ಲಿ ಒಂದೇ ಮಟ್ಟದ ಜಾಗ ಯಾವುದು ಎಂಬುದನ್ನು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಗೆರೆ ನಮ್ಮ ಹೊಲದಲ್ಲಿ ಹುಟ್ಟಿ, ಡೊಂಕಾಗಿ ಮೇಲಿನವರ ಹೊಲಕ್ಕೆ ಹೊಕ್ಕು, ಬಂಡೆ ಬಳಸಿ, ಇನ್ನೊಬ್ಬರ ಹೊಲಕ್ಕೆ ದಾಟಿತ್ತು. ಸರ್ವೆ ನಂಬರಿನ ಗಡಿ ಒಂದು ಕಡೆ, ನೀರಿನ ಮಟ್ಟ ಇನ್ನೊಂದು ಕಡೆ.

ತಕರಾರು ಶುರುವಾದದ್ದೇ ಅಲ್ಲಿ. ಮೇಲಿನ ಹೊಲದವರು ನನ್ನ ಯಜಮಾನರಿಗೆ ದೂರದ ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕು. ಸುಣ್ಣದ ಗೆರೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, “ನೋಡವ್ವ, ಇಲ್ಲಿ ಬದು ಎದ್ದರೆ ನನಗೆ ನಾಲ್ಕು ಸಾಲು ರಾಗಿ ಕಡಿಮೆ. ಆ ನಾಲ್ಕು ಸಾಲು ಯಾರು ಕೊಡುತ್ತಾರೆ?” ಎಂದರು. ನ್ಯಾಯವಾದ ಪ್ರಶ್ನೆ. ಅಧಿಕಾರಿ ವಾದ ಮಾಡಲಿಲ್ಲ. ದೊಡ್ಡಪ್ಪನ ಕೈಗೇ ಗುದ್ದಲಿ ಕೊಟ್ಟು, ಅವರ ಹೊಲದ ಮೇಲಿನ ತುದಿಯಲ್ಲಿ ಒಂದು ಕಡೆ, ಕೆಳ ಮೂಲೆಯಲ್ಲಿ ಒಂದು ಕಡೆ ಅಗೆಯಲು ಹೇಳಿದರು. ಮೇಲೆ ಗೇಣು ಅಗೆಯುವಷ್ಟರಲ್ಲಿ ಕಲ್ಲು ಬೆರೆತ ಗಟ್ಟಿ ಗೊರಚು ಸಿಕ್ಕಿತು. ಕೆಳಗೆ ಮೊಳದಾಳಕ್ಕೂ ಕಪ್ಪಗಿನ ಮೆತ್ತನೆಯ ಮಣ್ಣು. “ಅಯ್ಯಾ, ಇದು ನಿಮ್ಮ ಮೇಲಿನ ಹೊಲದ್ದೇ. ಮುಂದಿನ ಬಾರಿ ಈ ಮೂಲೆಯನ್ನೂ ದಾಟಿ ಹೋಗುತ್ತದೆ” ಎಂದರು. ದೊಡ್ಡಪ್ಪ ಕೆಳಗಿನ ಗುಂಡಿಯ ಮಣ್ಣನ್ನು ಅಂಗೈಯಲ್ಲಿ ಹಿಂಡಿ ನೋಡಿದರು. ಆಮೇಲೆ ಅವರು ಕೇಳಿದ್ದು ಒಂದೇ: “ಕೋಡಿ ಮಾತ್ರ ನನ್ನ ತೆಂಗಿನ ಕಡೆಗೆ ಬೇಡ.” ಕೋಡಿಯನ್ನು, ಅಂದರೆ ಬದುವಿನಿಂದ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಯನ್ನು, ಹಳ್ಳದ ಕಡೆಗೆ ತಿರುಗಿಸುವುದು ಎಂದಾಯಿತು.

ಕೋಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬದು ಹಾಳಾಗುವುದು ಹೆಚ್ಚಾಗಿ ಅಲ್ಲಿಯೇ. ಬದುವಿನ ಮೇಲ್ಗಡೆ ಕಂದಕ ತೋಡಿ, ತೆಗೆದ ಮಣ್ಣನ್ನು ಕೆಳಮಗ್ಗುಲಿಗೆ ಏರಿಸಿದರೆ ಕಂದಕ ಬದು. ಸಾಧಾರಣ ಮಳೆಯ ನೀರು ಕಂದಕದಲ್ಲಿ ನಿಂತು ಇಂಗುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಜೋರು ಮಳೆ ಬಂದಾಗ ಉಳಿದ ನೀರು ಹೊರಗೆ ಹೋಗಲು ಬದುವಿನ ತಲೆಗಿಂತ ತಗ್ಗಿನಲ್ಲಿ, ಕಲ್ಲು ಜೋಡಿಸಿದ ಒಂದು ದಾರಿ ಬೇಕು. ಅದು ಇಲ್ಲದಿದ್ದರೆ, ಇಲ್ಲವೇ ಅದರ ಬಾಯಿಗೆ ಮುಳ್ಳು ಕಸ ಕಟ್ಟಿಕೊಂಡರೆ, ನೀರು ಬದುವನ್ನು ಹತ್ತಿ ತನಗೆ ಇಷ್ಟ ಬಂದ ಕಡೆ ಒಡೆದುಕೊಂಡು ಹೋಗುತ್ತದೆ. ಒಡೆದ ಬದುವಿನಿಂದ ಒಟ್ಟಿಗೆ ನುಗ್ಗುವ ನೀರು ಬದುವೇ ಇಲ್ಲದ ಹೊಲದ ನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಒಂದು ಕೋಡಿ ಕಟ್ಟಿಕೊಂಡರೆ ಅದರ ಕೆಳಗಿನ ಬದುಗಳೆಲ್ಲ ಒಂದರ ಹಿಂದೆ ಒಂದು ಹೋಗುತ್ತವೆ.

ಆ ದಿನಗಳಲ್ಲಿಯೇ ಮಣ್ಣಿನ ಪರೀಕ್ಷೆಯನ್ನೂ ಮಾಡಿಸಿದೆವು. ಮಣ್ಣು ಆರೋಗ್ಯ ಚೀಟಿ ಯೋಜನೆ ದೇಶದಲ್ಲಿ ಶುರುವಾದದ್ದು 2015ರ ಫೆಬ್ರುವರಿಯಲ್ಲಿ. ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ ಎಂದು 12 ಅಂಶಗಳಿರುತ್ತವೆ. ಚೀಟಿ ಎಷ್ಟು ಸರಿ ಎಂಬುದು ಮಣ್ಣು ತೆಗೆಯುವ ಕೈಯ ಮೇಲಿದೆ. ಬದುವಿನ ಪಕ್ಕ, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು, ಹೊಲದ ತುಂಬ ಅಂಕುಡೊಂಕಾಗಿ ನಡೆದು ಹತ್ತಾರು ಕಡೆ ಆರು ಅಂಗುಲದ ಗುಂಡಿ ತೆಗೆಯಬೇಕು. ಗುಂಡಿಯ ಮಧ್ಯದ ಮಣ್ಣು ಬೇಡ, ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮ ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ಬಿಸಾಡಿ, ಮತ್ತೆ ಬೆರೆಸಿ, ಹೀಗೆ ಅರ್ಧ ಕಿಲೋ ಉಳಿಯುವವರೆಗೆ. ಮನೆಯ ಹತ್ತಿರದ ಒಂದು ಹಿಡಿ ಮಣ್ಣು ಕಟ್ಟಿಕೊಟ್ಟು ಚೀಟಿ ತಂದರೆ ಅದು ಮನೆಯ ಹತ್ತಿರದ ಚೀಟಿ, ಹೊಲದ್ದಲ್ಲ.

ಮಳೆ ನೀರು ಹಿಡಿದಿಡುವ ಕೃಷಿ ಹೊಂಡದ ಬಗ್ಗೆ ಎಲ್ಲರಿಗೂ ಗೊತ್ತಿದೆ, ಹೆಚ್ಚು ಹೇಳುವುದಿಲ್ಲ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಒಣಭೂಮಿಯ ಊರುಗಳಲ್ಲಿ ಹೊಂಡಗಳಾದವು. ಹನ್ನೆರಡು ಮೀಟರ್ ಉದ್ದಗಲ, ಮೂರು ಮೀಟರ್ ಆಳದ ಹೊಂಡಕ್ಕೆ ಇಳಿಜಾರು ಮಗ್ಗುಲು ಕೊಟ್ಟರೆ ಸುಮಾರು ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ರಾಗಿ ತೆನೆ ಹೊರಡುವಾಗ ಮಳೆ ಕೈಕೊಟ್ಟರೆ ಒಂದು ಎಕರೆಗೆ ಅಂಗುಲದ ಲೆಕ್ಕದಲ್ಲಿ ಎರಡು ಸಲ ನೀರು ಕೊಡಬಹುದು, ಬೆಳೆ ಉಳಿಯುತ್ತದೆ. ಆದರೆ ಸುತ್ತ ಬೇಲಿ ಇಲ್ಲದ ಹೊಂಡವನ್ನು ನಾನು ಒಪ್ಪುವುದಿಲ್ಲ. ಪಾಲಿಥೀನ್ ಹಾಸಿದ ಇಳಿಜಾರಿನಲ್ಲಿ ಜಾರಿದ ಮಗು ಹತ್ತಿ ಬರುವುದು ಕಷ್ಟ. ಹೊಂಡ ತೋಡಿದ ವಾರವೇ ಬೇಲಿಯೂ ಆಗಬೇಕು, ಒಳಗೆ ಗಂಟು ಹಾಕಿದ ಹಗ್ಗವೊಂದು ಇಳಿಬಿಟ್ಟಿರಬೇಕು.

ಇಷ್ಟೆಲ್ಲ ನಡೆದದ್ದು ಯೋಜನೆ ಇದ್ದಾಗ. ಜಲಾನಯನ ಯೋಜನೆಗಳಿಗೆ ಅವಧಿ ಇರುತ್ತದೆ. 2009ರ ನಂತರ ನಡೆದ ಸಮಗ್ರ ಜಲಾನಯನ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ನಾಲ್ಕರಿಂದ ಏಳು ವರ್ಷ ಎಂದಿತ್ತು. ಅವಧಿ ಮುಗಿದ ಮೇಲೆ ನಿರ್ವಹಣೆಗೆಂದು ರೈತರ ವಂತಿಗೆಯ ನಿಧಿ ಇರಬೇಕೆಂದೂ ಅದರಲ್ಲಿಯೇ ಹೇಳಿತ್ತು. ಕಾಗದದಲ್ಲಿ ಒಳ್ಳೆಯ ಯೋಚನೆ. ನಮ್ಮ ಕಡೆ ಆದದ್ದು ಬೇರೆ. ಯೋಜನೆ ಮುಗಿಯಿತು, ಅಧಿಕಾರಿಗೆ ವರ್ಗವಾಯಿತು, ಸಮಿತಿಯನ್ನು ಯಾರೂ ಕರೆಯಲಿಲ್ಲ. ಒಂದು ಸ್ವಾತಿ ಮಳೆಯಲ್ಲಿ ಎರಡು ಕೋಡಿಗಳು ಕಟ್ಟಿಕೊಂಡು ಬದು ಒಡೆಯಿತು. ಯಾರನ್ನು ಕೇಳಬೇಕೆಂದು ಅಲೆದರೆ, ಹೊಸ ಬದುವಿಗೆ ಅರ್ಜಿ ಕೊಡಿ, ಹಳೆಯದರ ದುರಸ್ತಿಗೆ ನಮ್ಮಲ್ಲಿ ಬಾಬ್ತು ಇಲ್ಲ ಎಂಬ ಉತ್ತರ ಬಂತು. ಕೊನೆಗೆ ದೊಡ್ಡಪ್ಪನ ಮಕ್ಕಳೂ ನಾವೂ ಸೇರಿ ಕಲ್ಲು ಹೊತ್ತು ಸರಿ ಮಾಡಿಕೊಂಡೆವು. ಎಲ್ಲ ಹೊಲಗಳಿಗೂ ಹಾಗೆ ಸೇರುವ ಜನ ಇರುವುದಿಲ್ಲ. ಮಕ್ಕಳೆಲ್ಲ ಬೆಂಗಳೂರಿನಲ್ಲಿರುವ ಮುದುಕರ ಹೊಲದಲ್ಲಿ ಬದು ಒಡೆದರೆ ಒಡೆದಂತೆಯೇ.

ಮಗಳ ಬಾಣಂತನಕ್ಕೆಂದು ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೋಗಿದ್ದಾಗ ಈ ಚಿಂತೆಗೆ ಇನ್ನೊಂದು ಮಗ್ಗುಲು ಕಾಣಿಸಿತು. ಶಾರ್ಲಟ್ ನಗರದ ಆಸುಪಾಸಿನಲ್ಲಿ ರಸ್ತೆಗೆಂದು ದಿಬ್ಬ ಕಡಿದ ಕಡೆಯೆಲ್ಲ ನಮ್ಮಲ್ಲಿಯಂತೆಯೇ ಕೆಂಪು ಮಣ್ಣು. ಅದು ಅವರ ಅಧ್ಯಕ್ಷರ ಚುನಾವಣೆಯ ಕಾಲ. ಪಕ್ಕದ ಮನೆಯ ಹೆಂಗಸು ತಮ್ಮ ಮಾದರಿ ಮತಪತ್ರ ತೋರಿಸಿದರು. ತಲೆಯಲ್ಲಿ ದೇಶದ ಅಧ್ಯಕ್ಷರ ಹೆಸರುಗಳು. ಕೆಳಗೆ ಬರುತ್ತಾ ಬರುತ್ತಾ, ಮಣ್ಣು ಮತ್ತು ನೀರಿನ ಸಂರಕ್ಷಣಾ ಮಂಡಳಿಯ ಮೇಲ್ವಿಚಾರಕರ ಸ್ಥಾನಕ್ಕೂ ಮತ. ನಾನು ಮಗಳಿಂದ ಎರಡು ಸಲ ಓದಿಸಿದೆ. ಮಣ್ಣು ನೋಡಿಕೊಳ್ಳುವವರನ್ನು ಊರಿನವರು ವೋಟು ಹಾಕಿ ಆರಿಸುತ್ತಾರೆ!

ಆಮೇಲೆ ಅದರ ಹಿಂದೆ ಬಿದ್ದು ತಿಳಿದುಕೊಂಡೆ. ಅದರ ಮೂಲ ಪುರುಷ ಹ್ಯೂ ಹ್ಯಾಮಂಡ್ ಬೆನೆಟ್ ಹುಟ್ಟಿದ್ದು ಶಾರ್ಲಟ್‌ಗೆ ದೂರವಲ್ಲದ ಆನ್ಸನ್ ಕೌಂಟಿಯ ಹತ್ತಿ ಹೊಲಗಳ ನಡುವೆ, 1881ರಲ್ಲಿ. ಮಣ್ಣಿನ ಸಮೀಕ್ಷೆ ಮಾಡುತ್ತಿದ್ದ ಆತ 1905ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಅಕ್ಕಪಕ್ಕದ ಕಾಡು ಮತ್ತು ಹೊಲದ ಮಣ್ಣನ್ನು ಹೋಲಿಸಿ ನೋಡಿದ. ಕಾಡಿನಲ್ಲಿ ಮೆತ್ತನೆಯ ಮಣ್ಣು, ಹೊಲದಲ್ಲಿ ಗಟ್ಟಿ ನೆಲ. ಕೊರಕಲೇ ಇಲ್ಲದೆ ಪದರು ಪದರಾಗಿ ಮಣ್ಣು ಹೋಗುತ್ತದೆ ಎಂಬುದು ಆತನಿಗೆ ಹೊಳೆದದ್ದು ಅಲ್ಲಿ. ದೊಡ್ಡಪ್ಪನ ಕೈಗೆ ಗುದ್ದಲಿ ಕೊಟ್ಟ ನಮ್ಮ ಅಧಿಕಾರಿ ಮಾಡಿದ್ದೂ ಅದನ್ನೇ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಧೂಳಿನ ಬಿರುಗಾಳಿ ಎದ್ದಾಗ, 1935ರ ಏಪ್ರಿಲ್‌ನಲ್ಲಿ ಮಣ್ಣು ಸಂರಕ್ಷಣಾ ಕಾನೂನು ಬಂದು ಅದಕ್ಕೊಂದು ಇಲಾಖೆಯಾಯಿತು, ಬೆನೆಟ್ ಅದರ ಮುಖ್ಯಸ್ಥನಾದ. ರಾಜಧಾನಿಯಲ್ಲಿ ಕೂತ ಇಲಾಖೆ ಊರೂರಿನ ಹೊಲವನ್ನು ನೋಡಿಕೊಳ್ಳಲಾರದು, ಭೂಮಿಯ ಮಾಲೀಕರೇ ಸೇರಿ ನಡೆಸುವ ಸ್ಥಳೀಯ ಮಂಡಳಿ ಬೇಕು ಎಂದು 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ಗವರ್ನರುಗಳಿಗೆ ಮಾದರಿ ಕಾನೂನು ಕಳಿಸಿದರು. ಅದೇ ವರ್ಷದ ಆಗಸ್ಟ್ 4ರಂದು ಮೊದಲ ಮಂಡಳಿ ಶುರುವಾದದ್ದು ಬೆನೆಟ್‌ನ ಊರ ಸೀಮೆಯ ಬ್ರೌನ್ ಕ್ರೀಕ್ ಎಂಬ ಹಳ್ಳದ ಹೆಸರಿನಲ್ಲಿ. ಈಗ ಆ ದೇಶದಲ್ಲಿ ಇಂಥವು ಸುಮಾರು 3 ಸಾವಿರ ಇವೆ.

ನಾರ್ತ್ ಕೆರೊಲಿನಾದ ಮಂಡಳಿಯಲ್ಲಿ ಸಾಮಾನ್ಯವಾಗಿ ಐದು ಜನ, ಮೂವರು ಚುನಾಯಿತರು, ಇಬ್ಬರು ನೇಮಕಗೊಂಡವರು. ಅವರ ಕೆಳಗೆ ತಾಂತ್ರಿಕ ಸಿಬ್ಬಂದಿ. ರೈತ ತಾನಾಗಿ ಬಂದು ಕೇಳಬೇಕು, ಬಲವಂತವಿಲ್ಲ. ಸಿಬ್ಬಂದಿ ಹೊಲಕ್ಕೆ ಬಂದು ಜೊತೆಯಲ್ಲಿ ನಡೆದು, ನೀರು ಎಲ್ಲಿ ಓಡುತ್ತದೆ, ದನ ಎಲ್ಲಿ ಹಳ್ಳಕ್ಕೆ ಇಳಿಯುತ್ತದೆ ಎಂದು ನೋಡಿ ಯೋಜನೆ ಬರೆದುಕೊಡುತ್ತಾರೆ. ಹುಲ್ಲು ಬೆಳೆಸಿದ ನೀರುದಾರಿ, ಹಳ್ಳದ ಪಕ್ಕದ ಬೇಲಿ, ಬೆಳೆಯಿಲ್ಲದ ಕಾಲಕ್ಕೆ ನೆಲ ಮುಚ್ಚುವ ಬೆಳೆ, ಇಂಥವಕ್ಕೆ ರಾಜ್ಯದ ಕಾರ್ಯಕ್ರಮದಲ್ಲಿ ಖರ್ಚಿನ ಶೇಕಡ 75ರವರೆಗೆ ನೆರವು ಸಿಗುತ್ತದೆ. ನನ್ನ ಮನಸ್ಸಿಗೆ ನಾಟಿದ್ದು ಇದರ ನಂತರದ ಷರತ್ತು. ನೆರವು ಪಡೆದವನು ಆ ಕಾಮಗಾರಿಯನ್ನು ನಿಗದಿತ ವರ್ಷಗಳವರೆಗೆ ಸುಸ್ಥಿತಿಯಲ್ಲಿ ಇಡುತ್ತೇನೆಂದು ಒಪ್ಪಂದಕ್ಕೆ ಸಹಿ ಹಾಕಬೇಕು, ಮಂಡಳಿಯವರು ಬಂದು ತಪಾಸಣೆ ಮಾಡುತ್ತಾರೆ. ಯೋಜನೆಗಳು ಬರುತ್ತವೆ ಹೋಗುತ್ತವೆ, ಮಂಡಳಿ ಅಲ್ಲೇ ಇರುತ್ತದೆ.

ಅವರ ಹಿಡುವಳಿ ದೊಡ್ಡದು, ನಮ್ಮದು ಗುಂಟೆಯ ಲೆಕ್ಕ, ಅದು ಇಲ್ಲಿ ನಡೆಯುವುದಿಲ್ಲ ಎಂದು ನಮ್ಮವರು ಹೇಳಿದರು. ನನಗೆ ತದ್ವಿರುದ್ಧ ಅನ್ನಿಸುತ್ತದೆ. ಅಲ್ಲಿ ಒಬ್ಬನ ಜಮೀನಿನೊಳಗೇ ಒಂದು ಬದು ಮುಗಿಯಬಹುದು. ನಾಗಮಂಗಲದಲ್ಲಿ ಒಂದೇ ಗೆರೆ ಹತ್ತು ಮನೆಯವರ ಹೊಲ ದಾಟುತ್ತದೆ, ಅದರಲ್ಲಿ ಇಬ್ಬರು ಮಾತು ಬಿಟ್ಟವರು ಇರುತ್ತಾರೆ. ಕೂಡಿಸಿ ಮಾತಾಡಿಸುವ ಕಾಯಂ ಜನ ನಮಗೇ ಹೆಚ್ಚು ಬೇಕು. ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಾ, ಕುರಿ ಮಾರಿದ ಹಣ ಹಾಕಿ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿಸಿದರು, 2022ರಲ್ಲಿ ತೀರಿಕೊಂಡರು. ಅಂಥವರನ್ನು ಕೈಮುಗಿದು ನೆನೆಯುತ್ತೇನೆ. ಆದರೆ ಒಂದು ಊರಿನ ಮಣ್ಣು ನೀರು ಒಬ್ಬ ಪುಣ್ಯಾತ್ಮನ ಆಯಸ್ಸನ್ನು ನೆಚ್ಚಿಕೊಂಡು ಇರಬಾರದು.

ಬದು ಉಳಿಯುವುದಕ್ಕೆ ಬೇಕಾದ ತಿಳಿವಳಿಕೆ ಹೊರಗಿನಿಂದ ಬರಬೇಕಿಲ್ಲ. ಆಗ ಮೈಸೂರು ಜಿಲ್ಲೆಗೆ ಸೇರಿದ್ದ ಗುಂಡ್ಲುಪೇಟೆಯ ಕಡೆ ರೈತರು ಹೊಲದ ಗಡಿಗೆ ಲಾವಂಚ ನೆಟ್ಟು ತಲೆಮಾರುಗಳಿಂದ ಕಾಪಾಡಿಕೊಂಡಿದ್ದರು. 1980ರ ದಶಕದಲ್ಲಿ ಲಾವಂಚದಿಂದ ಮಣ್ಣು ಹಿಡಿದಿಡಬಹುದೆಂದು ವಿಶ್ವಬ್ಯಾಂಕಿನ ತಜ್ಞರು ಭಾರತದಲ್ಲಿ ಪ್ರಚಾರಕ್ಕೆ ಹೊರಟಾಗ ಈ ಹಳೆಯ ಲಾವಂಚದ ಸಾಲುಗಳು ಅವರ ಕಣ್ಣಿಗೆ ಬಿದ್ದವು. ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರ ಆಳಕ್ಕೆ ಇಳಿಯುತ್ತದೆ, ಪಕ್ಕದ ರಾಗಿಯ ತಂಟೆಗೆ ಬರುವುದಿಲ್ಲ. ಬುಡಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ, ಮಳೆ ಹಿಡಿದ ಮೇಲೆ, ಮಟ್ಟದ ಗೆರೆಯ ಮೇಲೆಯೇ ನೆಡಬೇಕು. ನಡುವೆ ಒಂದು ಬುಡ ಸತ್ತರೆ ನೀರು ಅದೇ ಸಂದಿಯನ್ನು ಹುಡುಕಿಕೊಂಡು ಹೋಗುತ್ತದೆ, ಆದ್ದರಿಂದ ಮೊದಲ ಎರಡು ವರ್ಷ ಸಂದಿ ತುಂಬುತ್ತಲೇ ಇರಬೇಕು. ನಮ್ಮ ಬದುವಿನ ಮೇಲೆ ಲಾವಂಚ, ಕೆಳಮಗ್ಗುಲಿಗೆ ಗೊಬ್ಬರದ ಗಿಡ ಹಾಕಿದ್ದೇವೆ. ಅದರ ಸೊಪ್ಪು ಕಡಿದು ಹೊಲಕ್ಕೇ ಹಾಕುತ್ತೇವೆ.

ಮುಂದಿನ ಗ್ರಾಮಸಭೆಗೆ ನಾನು ಒಂದು ಅರ್ಜಿ ಬರೆದಿಟ್ಟುಕೊಂಡಿದ್ದೇನೆ. ಕಿರು ಜಲಾನಯನಕ್ಕೆ ಒಂದರಂತೆ ಐದು ಜನರ ಸಮಿತಿ ಇರಲಿ, ಭೂಮಿ ಇದ್ದವರೇ ಅವರನ್ನು ಆರಿಸಲಿ, ಇಬ್ಬರಾದರೂ ಹೆಂಗಸರಿರಲಿ. ಪ್ರತಿ ಬದು, ಪ್ರತಿ ಕೋಡಿ, ಪ್ರತಿ ಚೆಕ್ ಡ್ಯಾಂ ಎಲ್ಲಿದೆ, ಯಾವ ವರ್ಷದ್ದು, ಈಗ ಹೇಗಿದೆ ಎಂಬ ಒಂದು ದಪ್ಪ ಪುಸ್ತಕ ಪಂಚಾಯಿತಿಯಲ್ಲಿ ಇರಲಿ. ಹೊನ್ನಾರಿಗೆ ಮೊದಲು ಒಂದು ಸಲ, ರಾಗಿ ಕುಯ್ಲಾದ ಮೇಲೆ ಒಂದು ಸಲ ಸಮಿತಿಯವರು ಹೊಲಗಳಲ್ಲಿ ನಡೆದು ಪುಸ್ತಕದಲ್ಲಿ ಬರೆಯಲಿ. ಹೊಸ ಬದುವಿಗೆ ಹಣ ಕೊಡುವ ಮೊದಲು ಹಳೆಯ ಬದುವಿನ ಪುಟ ತೆರೆದು ನೋಡಲಿ. ಪಂಚಾಯಿತಿ ಮನಸ್ಸು ಮಾಡಿದರೆ ಇಷ್ಟು ಆಗುತ್ತದೆಂದು ನಾನು ನಂಬಿದ್ದೇನೆ.

ಅಲ್ಲಿಯವರೆಗೆ ನಮ್ಮ ಕಡೆಯ ರೈತರಿಗೆ ಒಂದು ಮಾತು. ಬದು, ಹೊಂಡ, ಮಣ್ಣು ಪರೀಕ್ಷೆ ಯಾವುದೇ ಇರಲಿ, ಮೊದಲು ಹೋಗಬೇಕಾದದ್ದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಕೊಡುವ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಇಟ್ಟುಕೊಳ್ಳಿ. ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ನೋಡಿ, ಒಂದು ಬಿಟ್ಟುಹೋಗಿದ್ದರೂ ಆ ಹೊಲಕ್ಕೆ ಅರ್ಜಿ ನಿಲ್ಲುತ್ತದೆ. ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮೊದಲು ಮಾಡಿಸಿ. ಮಣ್ಣಿನ ಮಾದರಿಯನ್ನು ಕುಯ್ಲಾದ ಮೇಲೆ, ಗೊಬ್ಬರ ಹೊಡೆಯುವ ಮೊದಲು ತೆಗೆಯಿರಿ. ಗೆರೆ ಹಾಕಲು ಬಂದವರ ಜೊತೆ ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಕರೆದುಕೊಂಡು ಹೋಗಿ, ಕೋಡಿ ಯಾವ ಕಡೆಗೆ ಎಂಬುದನ್ನು ಅವತ್ತೇ, ಅಲ್ಲೇ, ಎಲ್ಲರ ಎದುರಿಗೆ ಇತ್ಯರ್ಥ ಮಾಡಿಕೊಳ್ಳಿ.